ರಿಪೋರ್ಟ್ ಎಲ್ಲ ನಾರ್ಮಲ್, ಹೊಟ್ಟೆ ಮಾತ್ರ ಅಲ್ಲ: ಐಬಿಎಸ್ ಮತ್ತು ಅದರ ಮೇಲಿನ ಅನುಮಾನ

ರಕ್ತ ಪರೀಕ್ಷೆ ಆಯಿತು, ಸ್ಕ್ಯಾನಿಂಗ್ ಆಯಿತು, ಕೆಲವರಿಗೆ ಕೊಲೊನೋಸ್ಕೋಪಿಯೂ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವುದು) ಆಯಿತು. ಎಲ್ಲವೂ ನಾರ್ಮಲ್. "ನಿಮಗೆ ಐಬಿಎಸ್ ಇದೆ, ಗಾಬರಿ ಪಡುವಂಥದ್ದೇನಿಲ್ಲ" ಎಂದು ಡಾಕ್ಟರು ಮಾತ್ರೆ ಬರೆದುಕೊಡುತ್ತಾರೆ. ಮನೆಗೆ ಬಂದ ಮೇಲೂ ಹೊಟ್ಟೆ ನುಲಿಯುವುದು ನಿಲ್ಲುವುದಿಲ್ಲ. ಆಗ ತಲೆಯಲ್ಲಿ ಒಂದು ಪ್ರಶ್ನೆ ಶುರುವಾಗುತ್ತದೆ. ನನಗೆ ನಿಜವಾಗಿ ಇರುವುದು ಇದೇನಾ? ಇಲ್ಲಾ, ಏನೂ ಸಿಗಲಿಲ್ಲ ಅಂತ ಸುಮ್ನೆ ಒಂದು ಹೆಸರು ಕೊಟ್ಟು ಕಳಿಸಿದರಾ?

ಈ ಅನುಮಾನ ತುಂಬ ಜನರಿಗೆ ಬರುತ್ತದೆ. ಬರುವುದರಲ್ಲಿ ತಪ್ಪೇನೂ ಇಲ್ಲ. ಐಬಿಎಸ್ ತರಹವೇ ಕಾಣುವ ಬೇರೆ ಕಾಯಿಲೆಗಳು ಇವೆ, ಅವು ಕೆಲವೊಮ್ಮೆ ಕಣ್ಣು ತಪ್ಪಿಸಿಕೊಳ್ಳುತ್ತವೆ. ಹಾಗಂತ ಅನುಮಾನ ಬಂದಾಗಲೆಲ್ಲ ಮತ್ತೊಂದು ಸ್ಕ್ಯಾನ್ ಮಾಡಿಸಿದರೆ ಉತ್ತರ ಸಿಗುತ್ತದೆ ಎಂದೂ ಇಲ್ಲ. ಯಾವ ಅನುಮಾನಕ್ಕೆ ಯಾವ ಪರೀಕ್ಷೆ ಉತ್ತರ ಕೊಡುತ್ತದೆ, ಯಾವುದು ಕೊಡುವುದಿಲ್ಲ ಎನ್ನುವುದು ಗೊತ್ತಿರಬೇಕು. ಅದನ್ನು ಬುಡದಿಂದ ನೋಡೋಣ.

## ಐಬಿಎಸ್ ಎಂದರೆ ಏನು

ಇರಿಟೆಬಲ್ ಬವೆಲ್ ಸಿಂಡ್ರೋಮ್ ಎಂಬುದರ ಚಿಕ್ಕ ರೂಪ ಐಬಿಎಸ್. ಇದರಲ್ಲಿ ಎರಡು ಸಂಗತಿ ಒಟ್ಟಿಗೆ ಇರಬೇಕು. ಒಂದು, ಪದೇ ಪದೇ ಬರುವ ಹೊಟ್ಟೆನೋವು. ಇನ್ನೊಂದು, ಮಲ ವಿಸರ್ಜನೆಯಲ್ಲಿ ಏರುಪೇರು. ಕೆಲವರಿಗೆ ಭೇದಿ ಜಾಸ್ತಿ, ಕೆಲವರಿಗೆ ಮಲಬದ್ಧತೆ ಜಾಸ್ತಿ. ಒಂದು ವಾರ ಅದು, ಇನ್ನೊಂದು ವಾರ ಇದು ಎಂದು ಒದ್ದಾಡುವವರೂ ಇದ್ದಾರೆ. ಇದರ ಜೊತೆಗೆ ಹೊಟ್ಟೆ ಉಬ್ಬರ, ಗ್ಯಾಸ್, ಟಾಯ್ಲೆಟ್‌ಗೆ ಹೋಗಿ ಬಂದರೂ ಪೂರ್ತಿ ಆಗಿಲ್ಲ ಎನ್ನುವ ಭಾವನೆ, ಮಲದಲ್ಲಿ ಲೋಳೆ. ಹೆಂಗಸರಲ್ಲಿ ಇದು ಗಂಡಸರಿಗಿಂತ ಹೆಚ್ಚು. ಸಾಮಾನ್ಯವಾಗಿ 50 ದಾಟುವ ಮೊದಲೇ ಶುರುವಾಗುತ್ತದೆ.

ಬರೀ ದಿನಕ್ಕೆ ಎಷ್ಟು ಸಲ ಹೋಗುತ್ತೀರಿ ಎಂಬುದರ ಮೇಲೆ ಇದು ನಿಂತಿಲ್ಲ. ದಿನಕ್ಕೆ ಮೂರು ಸಲದಿಂದ ಹಿಡಿದು ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಮಾಮೂಲು. ಮಲ ಗಟ್ಟಿಯೋ ನೀರೋ ಎಂದು ಹೇಳಲು ಡಾಕ್ಟರುಗಳು 'ಬ್ರಿಸ್ಟಲ್ ಚಾರ್ಟ್' ಎಂಬ ಚಿತ್ರಪಟ ಬಳಸುತ್ತಾರೆ. ಅದರಲ್ಲಿ 7 ಬಗೆಗಳಿವೆ: 1 ಎಂದರೆ ಗಟ್ಟಿ ಉಂಡೆ ಉಂಡೆ, 7 ಎಂದರೆ ಪೂರ್ತಿ ನೀರು. ಬಾಯಿಬಿಟ್ಟು ವಿವರಿಸಲು ಮುಜುಗರವಾದರೆ ಒಂದು ನಂಬರ್ ಹೇಳಿದರೆ ಸಾಕು.

## ಎಲ್ಲ ನಾರ್ಮಲ್ ಇದ್ದರೆ ನೋವು ಎಲ್ಲಿಂದ ಬಂತು

ಅನುಮಾನದ ಬೇರು ಇರುವುದೇ ಇಲ್ಲಿ. ಕಾಯಿಲೆ ಇದ್ದರೆ ಎಲ್ಲಾದರೂ ಹುಣ್ಣೋ ಊತವೋ ಗಡ್ಡೆಯೋ ಕಾಣಬೇಕಲ್ಲ ಎಂದು ನಮಗೆ ಅನ್ನಿಸುತ್ತದೆ.

ಕರುಳಿನ ಗೋಡೆಯೊಳಗೆ ಅದರದ್ದೇ ಆದ ನರಗಳ ಜಾಲ ಇದೆ. 10 ಕೋಟಿಗೂ ಹೆಚ್ಚು ನರಕೋಶಗಳು. ಆಹಾರವನ್ನು ಯಾವಾಗ ಮುಂದೆ ತಳ್ಳಬೇಕು, ಎಷ್ಟು ನೀರು ಹೀರಿಕೊಳ್ಳಬೇಕು ಎಂಬುದನ್ನೆಲ್ಲ ಈ ಜಾಲವೇ ನೋಡಿಕೊಳ್ಳುತ್ತದೆ. ಇದಕ್ಕೂ ಮಿದುಳಿಗೂ ಎರಡೂ ಕಡೆಯಿಂದ ಸಂದೇಶ ಹೋಗಿ ಬರುತ್ತಿರುತ್ತದೆ. ದೇಹದಲ್ಲಿರುವ ಸೆರೊಟೋನಿನ್ ಎಂಬ ಸಂದೇಶವಾಹಕ ರಾಸಾಯನಿಕದಲ್ಲಿ ಶೇ 90ಕ್ಕಿಂತ ಹೆಚ್ಚು ಇರುವುದು ಕರುಳಿನಲ್ಲೇ. ಹೊಟ್ಟೆಯೊಳಗೆ ಗಾಳಿ ಓಡಾಡುವುದು, ಕರುಳು ಹಿಗ್ಗುವುದು, ಹಿಂಡುವುದು ದಿನವಿಡೀ ನಡೆದೇ ಇರುತ್ತದೆ. ಹೆಚ್ಚಿನವರಿಗೆ ಅದು ಗೊತ್ತಾಗುವುದೇ ಇಲ್ಲ. ಐಬಿಎಸ್ ಇರುವ ಹಲವರಿಗೆ ಅದೇ ಓಡಾಟ ನೋವಾಗಿ ತಲುಪುತ್ತದೆ.

ಸ್ಪೀಕರ್ ಒಂದನ್ನು ನೆನಪಿಸಿಕೊಳ್ಳಿ. ಅದರ ಪೆಟ್ಟಿಗೆ ಸರಿ ಇದೆ, ವೈರ್ ಸರಿ ಇದೆ, ಎಲ್ಲೂ ಒಡೆದಿಲ್ಲ. ಆದರೆ ವಾಲ್ಯೂಮ್ ಪೂರ್ತಿ ಏರಿಸಿಬಿಟ್ಟಿದ್ದಾರೆ. ಮೈಕ್ ಹತ್ತಿರ ಉಸಿರು ಬಿಟ್ಟರೂ ಗುಡುಗಿದ ಹಾಗೆ ಕೇಳುತ್ತದೆ. ಈಗ ಆ ಸ್ಪೀಕರ್‌ನ ಫೋಟೋ ತೆಗೆದು ನೋಡಿದರೆ ಸದ್ದು ಎಷ್ಟು ಜೋರಾಗಿದೆ ಎಂದು ಫೋಟೋದಲ್ಲಿ ಕಾಣುತ್ತದೆಯೇ? ಕೊಲೊನೋಸ್ಕೋಪಿ, ಸ್ಕ್ಯಾನಿಂಗ್ ಎರಡೂ ಫೋಟೋಗಳೇ. ಒಡೆದದ್ದು ಇದ್ದರೆ ತೋರಿಸುತ್ತವೆ. ವಾಲ್ಯೂಮ್ ತೋರಿಸುವುದಿಲ್ಲ.

ಇದು ಬರೀ ಊಹೆಯ ಮಾತಲ್ಲ. ಗುದದ್ವಾರದ ಒಳಗೆ ಚಿಕ್ಕ ಬಲೂನು ಇಟ್ಟು ನಿಧಾನವಾಗಿ ಉಬ್ಬಿಸಿ ನೋಡುವ ಪ್ರಯೋಗಗಳು 1970ರ ದಶಕದಿಂದಲೂ ನಡೆದಿವೆ. ಆರೋಗ್ಯವಂತರಿಗೆ ಏನೂ ಅನ್ನಿಸದಷ್ಟು ಗಾಳಿಗೇ ಐಬಿಎಸ್ ಇರುವ ಅನೇಕರು ನೋವು ಎಂದಿದ್ದಾರೆ. ಎಲ್ಲರೂ ಹಾಗೆ ಅಲ್ಲ ಎಂಬುದನ್ನೂ ಹೇಳಬೇಕು. ಕೆಲವರಲ್ಲಿ ನರಗಳ ಸೂಕ್ಷ್ಮತೆಗಿಂತ ಕರುಳಿನ ಚಲನೆಯ ವೇಗದ ತೊಂದರೆಯೇ ದೊಡ್ಡದು. ಒಂದೇ ಹೆಸರಿನ ಕೆಳಗೆ ಒಂದಕ್ಕಿಂತ ಹೆಚ್ಚು ಬಗೆಯ ತೊಂದರೆ ಇರಬಹುದು ಎಂದು ಸಂಶೋಧಕರೇ ಒಪ್ಪುತ್ತಾರೆ.

ವಾಲ್ಯೂಮ್ ಏರಿಸಿದ್ದು ಯಾರು? ಒಂದು ಕಾರಣ ಚೆನ್ನಾಗಿ ಗೊತ್ತಿದೆ: ಹೊಟ್ಟೆಯ ಸೋಂಕು. ಜೋರಾಗಿ ವಾಂತಿ ಭೇದಿ ಆಗಿ ವಾಸಿಯಾದವರಲ್ಲಿ ಸುಮಾರು 10ರಲ್ಲಿ ಒಬ್ಬರಿಗೆ ಆಮೇಲೆ ಐಬಿಎಸ್ ಉಳಿದುಕೊಳ್ಳುತ್ತದೆ. ಕೆನಡಾದ ವಾಕರ್ಟನ್ ಎಂಬ ಊರಿನಲ್ಲಿ 2000ದ ಮೇ ತಿಂಗಳಲ್ಲಿ ಕುಡಿಯುವ ನೀರಿಗೆ ದನದ ಸಗಣಿಯಿಂದ ಬಂದ ಬ್ಯಾಕ್ಟೀರಿಯಾ ಸೇರಿತ್ತು. 2,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 7 ಜನ ಸತ್ತರು. ಆ ಊರಿನವರನ್ನು ಸಂಶೋಧಕರು ವರ್ಷಗಟ್ಟಲೆ ಗಮನಿಸಿದರು. ಆಗ ಕಾಯಿಲೆ ಬಿದ್ದವರಲ್ಲಿ, ಬೀಳದವರಿಗಿಂತ ಐಬಿಎಸ್ ಬಹಳ ಹೆಚ್ಚು ಕಂಡಿತು. 8 ವರ್ಷದ ಮೇಲೂ ಆ ವ್ಯತ್ಯಾಸ ಇತ್ತು, ಆದರೆ ಮೊದಲಿನಷ್ಟು ಇರಲಿಲ್ಲ. ಸೋಂಕು ಹೋಗಿರುತ್ತದೆ, ನರಗಳು ಮಾತ್ರ ಎಚ್ಚರದಲ್ಲೇ ಉಳಿದಿರುತ್ತವೆ.

2021ರಲ್ಲಿ ಬೆಲ್ಜಿಯಂನ ಸಂಶೋಧಕರು ಇನ್ನೊಂದು ಸುಳಿವು ಕೊಟ್ಟರು. ಸೋಂಕಿನ ಹೊತ್ತಿನಲ್ಲಿ ಕರುಳಿನಲ್ಲಿದ್ದ ಆಹಾರವನ್ನೇ ರೋಗನಿರೋಧಕ ವ್ಯವಸ್ಥೆ ಶತ್ರು ಎಂದು ಗುರುತು ಹಾಕಿಕೊಳ್ಳಬಹುದು, ಮುಂದೆ ಅದೇ ಆಹಾರ ಬಂದಾಗ ಕರುಳಿನ ಆ ಜಾಗದಲ್ಲಿ ಮಾತ್ರ ಅಲರ್ಜಿಯಂಥ ಪ್ರತಿಕ್ರಿಯೆ ಎದ್ದು ನೋವಾಗಬಹುದು ಎಂದು ಇಲಿಗಳಲ್ಲಿ ತೋರಿಸಿದರು. ಆಮೇಲೆ ಐಬಿಎಸ್ ಇರುವ 12 ಜನರ ಕರುಳಿನ ಗೋಡೆಗೆ ಗೋಧಿ, ಹಾಲು, ಸೋಯಾ ಮುಂತಾದವುಗಳ ಅಂಶ ಚುಚ್ಚಿ ನೋಡಿದರು. 12 ಜನರಲ್ಲೂ ಒಂದಲ್ಲ ಒಂದಕ್ಕೆ ಪ್ರತಿಕ್ರಿಯೆ ಬಂತು. ಆರೋಗ್ಯವಂತರು 8 ಜನರಲ್ಲಿ ಇಬ್ಬರಿಗೆ ಮಾತ್ರ. ಚಿಕ್ಕ ಅಧ್ಯಯನ, ನಿಜ. ಆದರೆ ಇಂಥವರ ರಕ್ತದಲ್ಲಿ ಮತ್ತು ಚರ್ಮದಲ್ಲಿ ಮಾಡುವ ಅಲರ್ಜಿ ಪರೀಕ್ಷೆ ಯಾಕೆ ನಾರ್ಮಲ್ ಬರುತ್ತದೆ ಎಂಬುದಕ್ಕೆ ಇದು ಒಂದು ಉತ್ತರ ಆಗಬಹುದು.

ಇನ್ನು ಊಟ ಮಾಡಿದ ಕೂಡಲೇ ಟಾಯ್ಲೆಟ್‌ಗೆ ಓಡುವ ವಿಚಾರ. 'ತಿಂದದ್ದು ನಿಲ್ಲುತ್ತಲೇ ಇಲ್ಲ, ನೇರ ಹೊರಗೆ ಹೋಗುತ್ತಿದೆ' ಎಂದು ಹಲವರು ಹೆದರುತ್ತಾರೆ. ಹೊಟ್ಟೆಗೆ ಆಹಾರ ಬಿದ್ದ ತಕ್ಷಣ ದೊಡ್ಡ ಕರುಳು ಒಮ್ಮೆ ಹಿಂಡಿಕೊಂಡು ಜಾಗ ಮಾಡಿಕೊಳ್ಳುವುದು ಎಲ್ಲರಲ್ಲೂ ನಡೆಯುವ ಕ್ರಿಯೆ. ಐಬಿಎಸ್‌ನಲ್ಲಿ ಅದು ಜೋರಾಗಿರುತ್ತದೆ. ಆಗ ಹೊರಗೆ ಹೋಗುವುದು ಹಿಂದಿನ ದಿನದ್ದೋ ಅದಕ್ಕೂ ಮೊದಲಿನದ್ದೋ.

## ಡಾಕ್ಟರು ಇದನ್ನು ಹೇಗೆ ಗುರುತಿಸುತ್ತಾರೆ

ಮೊದಲೆಲ್ಲ 'ಬೇರೆ ಯಾವುದೂ ಅಲ್ಲ ಎಂದಾದರೆ ಐಬಿಎಸ್' ಎನ್ನುವ ಪದ್ಧತಿ ಇತ್ತು. ಈಗ ಹೆಚ್ಚಿನ ದೇಶಗಳ ಮಾರ್ಗಸೂಚಿಗಳು ಆ ದಾರಿ ಬಿಟ್ಟಿವೆ. ರೋಗಿ ಹೇಳುವ ಲಕ್ಷಣಗಳ ಮೇಲೆಯೇ ಐಬಿಎಸ್ ಎಂದು ಗುರುತಿಸುತ್ತಾರೆ. ಅದಕ್ಕೆ ಬಳಸುವ ಅಳತೆಗೋಲಿನ ಹೆಸರು 'ರೋಮ್ ಮಾನದಂಡ'. ಅದರ ನಾಲ್ಕನೇ ರೂಪ 2016ರಲ್ಲಿ ಬಂತು. ಕಳೆದ 3 ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇರಬೇಕು. ಆ ನೋವಿಗೂ ಮಲ ವಿಸರ್ಜನೆಗೂ ನಂಟಿರಬೇಕು, ಅಥವಾ ನೋವಿನ ಜೊತೆ ಎಷ್ಟು ಸಲ ಹೋಗುತ್ತೀರಿ ಎಂಬುದು ಬದಲಾಗಿರಬೇಕು, ಅಥವಾ ಮಲದ ರೂಪ ಬದಲಾಗಿರಬೇಕು. ಈ ಮೂರರಲ್ಲಿ ಕನಿಷ್ಠ ಎರಡು ಬೇಕು. ತೊಂದರೆ ಶುರುವಾಗಿ 6 ತಿಂಗಳಾದರೂ ಆಗಿರಬೇಕು.

ಈ ಗೆರೆ ಎಳೆದವರು ತಜ್ಞರೇ, ಪ್ರಕೃತಿಯಲ್ಲ. 2006ರ ರೂಪದಲ್ಲಿ ನಿಯಮ ಸ್ವಲ್ಪ ಸಡಿಲವಾಗಿತ್ತು. 2021ರಲ್ಲಿ ಪ್ರಕಟವಾದ ದೊಡ್ಡ ಜಾಗತಿಕ ಸಮೀಕ್ಷೆಯಲ್ಲಿ ಹಳೆಯ ನಿಯಮ ಹಿಡಿದು ಎಣಿಸಿದರೆ 100ಕ್ಕೆ ಸುಮಾರು 10 ಜನರಿಗೆ ಐಬಿಎಸ್. ಹೊಸ ನಿಯಮ ಹಿಡಿದರೆ ಸುಮಾರು 4 ಜನರಿಗೆ. ಉಳಿದ 6 ಜನರ ಹೊಟ್ಟೆ ನಿಯಮ ಬದಲಾದ ದಿನ ವಾಸಿಯಾಗಲಿಲ್ಲ, ಅಲ್ವಾ? ಹಾಗಾಗಿ ಗೆರೆಯ ಆಚೆ ಈಚೆ ಇರುವವರನ್ನು ಡಾಕ್ಟರುಗಳು ತಮ್ಮ ವಿವೇಚನೆಯಿಂದ ನೋಡುತ್ತಾರೆ.

ಲಕ್ಷಣಗಳ ಜೊತೆಗೆ ಕೆಲವು ಸರಳ ಪರೀಕ್ಷೆ ಮಾಡಿಸುತ್ತಾರೆ. ರಕ್ತಹೀನತೆ ಇದೆಯೇ ಎಂದು ತಿಳಿಯಲು ಸಿಬಿಸಿ. ದೇಹದಲ್ಲಿ ಎಲ್ಲಾದರೂ ಉರಿಯೂತ ಇದೆಯೇ ಎಂದು ನೋಡಲು ಸಿಆರ್‌ಪಿ. ಗೋಧಿ ತಿಂದರೆ ಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆಗೆ ಟಿಟಿಜಿ ಎಂಬ ರಕ್ತ ಪರೀಕ್ಷೆ. ಭೇದಿ ಇರುವವರಿಗೆ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನ್ ಎಷ್ಟಿದೆ ಎನ್ನುವ ಪರೀಕ್ಷೆ. ಈ ಕೊನೆಯದು ತುಂಬ ಉಪಯೋಗದ್ದು. ಕರುಳಿನಲ್ಲಿ ನಿಜವಾದ ಉರಿಯೂತ ಇದ್ದರೆ ಬಿಳಿರಕ್ತಕಣಗಳಿಂದ ಈ ಪ್ರೋಟೀನ್ ಮಲಕ್ಕೆ ಇಳಿಯುತ್ತದೆ. ಕಡಿಮೆ ಇದ್ದರೆ ಕರುಳಿನಲ್ಲಿ ಉರಿಯೂತ ತರುವ ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್‌ನಂಥ ಕಾಯಿಲೆ ಇರುವ ಸಾಧ್ಯತೆ ಬಹಳ ಕಡಿಮೆ. ಜಾಸ್ತಿ ಇದೆ ಎಂದ ಮಾತ್ರಕ್ಕೆ ಆ ಕಾಯಿಲೆಯೇ ಎಂದು ಹೇಳಲಾಗದು. ನೋವಿನ ಮಾತ್ರೆ ಅಥವಾ ಸಣ್ಣ ಸೋಂಕಿನಿಂದಲೂ ಅದು ಏರುತ್ತದೆ.

ಇಷ್ಟೇ ಸಾಕಾ ಎಂದು ಕೇಳಬಹುದು. ಡೆನ್ಮಾರ್ಕ್‌ನಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ಅಪಾಯದ ಚಿಹ್ನೆ ಇಲ್ಲದ, 18ರಿಂದ 50 ವರ್ಷದ 302 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಲಕ್ಷಣ ನೋಡಿ, ಕೆಲವೇ ರಕ್ತ ಪರೀಕ್ಷೆ ಮಾಡಿ ಐಬಿಎಸ್ ಎಂದರು. ಇನ್ನೊಂದು ಗುಂಪಿಗೆ ಉದ್ದನೆಯ ಪರೀಕ್ಷೆಗಳ ಪಟ್ಟಿ ಮುಗಿಸಿ ಹೇಳಿದರು. ಒಂದು ವರ್ಷ ಗಮನಿಸಿದರು. ಯಾವ ಗುಂಪಿನಲ್ಲೂ ತಪ್ಪಿಹೋದ ಕರುಳಿನ ಕ್ಯಾನ್ಸರ್, ಸೀಲಿಯಾಕ್, ಕ್ರೋನ್ಸ್ ಸಿಗಲಿಲ್ಲ. ಇದು 2013ರಲ್ಲಿ ಪ್ರಕಟವಾಯಿತು. 'ಅಪಾಯದ ಚಿಹ್ನೆ ಇಲ್ಲದ' ಎಂಬ ಮಾತನ್ನು ಮಾತ್ರ ಮರೆಯಬಾರದು. ಅದಕ್ಕೆ ಮುಂದೆ ಬರೋಣ.

## ಐಬಿಎಸ್ ಹಾಗೆಯೇ ಕಾಣುವ ಬೇರೆ ತೊಂದರೆಗಳು

ಅನುಮಾನಕ್ಕೆ ನಿಜವಾದ ಆಧಾರ ಇರುವುದು ಇಲ್ಲಿ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದು ಸೀಲಿಯಾಕ್. ಗೋಧಿ, ಬಾರ್ಲಿಗಳಲ್ಲಿರುವ ಗ್ಲೂಟನ್ ಎಂಬ ಪ್ರೋಟೀನ್‌ಗೆ ದೇಹ ತಿರುಗಿಬಿದ್ದು ಸಣ್ಣ ಕರುಳಿನ ಒಳಪದರ ಹಾಳಾಗುವ ಕಾಯಿಲೆ. ಪ್ರಪಂಚದಲ್ಲಿ ಸುಮಾರು 100ಕ್ಕೆ ಒಬ್ಬರಿಗೆ ಇದೆ. ಬಹಳ ಜನರಿಗೆ ಇರುವುದೇ ಗೊತ್ತಿಲ್ಲ. ಇಲ್ಲಿ ಒಂದು ದೊಡ್ಡ ಎಡವಟ್ಟು ನಡೆಯುತ್ತದೆ. ಹೊಟ್ಟೆನೋವು ಎಂದು ಜನ ತಾವೇ ಗೋಧಿ ಬಿಟ್ಟುಬಿಡುತ್ತಾರೆ, ಕೆಲವು ತಿಂಗಳ ಮೇಲೆ ಪರೀಕ್ಷೆ ಮಾಡಿಸುತ್ತಾರೆ, ನಾರ್ಮಲ್ ಬರುತ್ತದೆ. ಗ್ಲೂಟನ್ ತಿನ್ನದೇ ಇದ್ದರೆ ರಕ್ತದಲ್ಲಿ ಆ ಗುರುತು ಇಳಿದುಹೋಗುತ್ತದೆ. ಪರೀಕ್ಷೆಗೆ ಮುಂಚೆ ಕೆಲವು ವಾರ, ಸಾಮಾನ್ಯವಾಗಿ 6 ವಾರ, ಗೋಧಿ ತಿನ್ನುತ್ತಿರಬೇಕು. ನೀವು ಹಾಗೆ ಬಿಟ್ಟಿದ್ದಾಗ ಪರೀಕ್ಷೆ ಆಗಿದ್ದರೆ ಆ ರಿಪೋರ್ಟ್ ಮೇಲೆ ಅನುಮಾನ ಪಡುವುದು ಸರಿಯೇ.

ಎರಡನೆಯದು ಪಿತ್ತರಸದಿಂದ ಆಗುವ ಭೇದಿ. ಕೊಬ್ಬು ಜೀರ್ಣಿಸಲು ಬರುವ ಪಿತ್ತರಸದ ಆಮ್ಲಗಳನ್ನು ಸಣ್ಣ ಕರುಳಿನ ಕೊನೆಯ ಭಾಗ ವಾಪಸ್ ಹೀರಿಕೊಳ್ಳಬೇಕು. ಅಲ್ಲಿ ತಪ್ಪಿಸಿಕೊಂಡು ದೊಡ್ಡ ಕರುಳಿಗೆ ಹೋದರೆ ನೀರು ನೀರಾಗಿ ಭೇದಿ, ತಡೆಯಲಾಗದ ಅವಸರ. ಭೇದಿ ಜಾಸ್ತಿ ಇರುವ ಐಬಿಎಸ್ ಎಂದು ಹೇಳಿಸಿಕೊಂಡವರಲ್ಲಿ ಸುಮಾರು ಕಾಲು ಭಾಗ ಜನರಿಗೆ ಇದು ಇರುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಪಿತ್ತಕೋಶ ತೆಗೆಸಿಕೊಂಡವರಲ್ಲಿ ಇನ್ನೂ ಹೆಚ್ಚು. ಇದಕ್ಕಿರುವ ವಿಶೇಷ ಪರೀಕ್ಷೆ ಎಲ್ಲ ದೇಶಗಳಲ್ಲಿ ಸಿಗುವುದಿಲ್ಲ. ಹಾಗಾಗಿ ಪಿತ್ತದ ಆಮ್ಲವನ್ನು ಹಿಡಿದಿಡುವ ಔಷಧಿ ಕೊಟ್ಟು ಭೇದಿ ಇಳಿಯುತ್ತದಾ ಎಂದು ನೋಡುವುದೂ ಉಂಟು. ಹೆಚ್ಚು ಜನರಿಗೆ ಗೊತ್ತಿಲ್ಲದ, ಆದರೆ ಕೇಳಲೇಬೇಕಾದ ಪ್ರಶ್ನೆ ಇದು.

ಮೂರನೆಯದು ಮೈಕ್ರೊಸ್ಕೋಪಿಕ್ ಕೊಲೈಟಿಸ್. ಇದರಲ್ಲಿ ಕೊಲೊನೋಸ್ಕೋಪಿ ಮಾಡಿದರೂ ಕರುಳು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಚೂರು ತೆಗೆದು ಮೈಕ್ರೊಸ್ಕೋಪ್ ಕೆಳಗೆ ಇಟ್ಟರೆ ಮಾತ್ರ ಉರಿಯೂತ ಗೊತ್ತಾಗುತ್ತದೆ. ವಯಸ್ಸು ಕಳೆದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ನೋವಿಗಿಂತ ನೀರಾದ ಭೇದಿಯೇ ಇದರ ಮುಖ್ಯ ಗುರುತು. ಆದ್ದರಿಂದ 'ಕೊಲೊನೋಸ್ಕೋಪಿ ನಾರ್ಮಲ್' ಎಂದಾಗ ಕೇಳಬೇಕಾದದ್ದು 'ಬಯಾಪ್ಸಿ ತೆಗೆದಿದ್ದರಾ' ಎಂದು.

ಹಾಲಿನ ಸಕ್ಕರೆ ಲ್ಯಾಕ್ಟೋಸ್ ಜೀರ್ಣವಾಗದಿರುವುದು ಅಪರೂಪವೇನಲ್ಲ. ಪ್ರಪಂಚದ ವಯಸ್ಕರಲ್ಲಿ ಮೂರನೇ ಎರಡು ಭಾಗದಷ್ಟು ಜನರಿಗೆ ಈ ಶಕ್ತಿ ಕಡಿಮೆ. ಹಾಲು ಬಿಟ್ಟರೆ ಪೂರ್ತಿ ಸರಿಹೋದರೆ ಉತ್ತರ ಸಿಕ್ಕಂತೆ. ಅರ್ಧಂಬರ್ಧ ಸರಿಹೋದರೆ ಎರಡೂ ಇರಬಹುದು.

ಹೆಂಗಸರಿಗೆ ಎಂಡೋಮೆಟ್ರಿಯೋಸಿಸ್ ಎಂಬುದೊಂದಿದೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ, ಕೆಲವೊಮ್ಮೆ ಕರುಳಿನ ಮೇಲೂ, ಬೆಳೆಯುತ್ತದೆ. ಮುಟ್ಟಿನ ಜೊತೆ ಜೋರಾಗುವ ಹೊಟ್ಟೆನೋವು, ಆಗ ಮಲ ವಿಸರ್ಜನೆಯಲ್ಲೂ ನೋವು. ಐಬಿಎಸ್ ಕೂಡ ಮುಟ್ಟಿನ ದಿನಗಳಲ್ಲಿ ಹೆಚ್ಚುವುದರಿಂದ ಇವೆರಡರ ಮಧ್ಯೆ ಗೊಂದಲ ಸಹಜ. ಎಂಡೋಮೆಟ್ರಿಯೋಸಿಸ್ ಪತ್ತೆಯಾಗಲು ವರ್ಷಗಳೇ ಹಿಡಿಯುವುದುಂಟು. ತುಂಬ ರಕ್ತಸ್ರಾವ, ಲೈಂಗಿಕ ಸಂಪರ್ಕದ ವೇಳೆ ನೋವು ಇದ್ದರೆ ಹೊಟ್ಟೆಯ ಡಾಕ್ಟರ ಜೊತೆಗೆ ಸ್ತ್ರೀರೋಗ ತಜ್ಞರನ್ನೂ ಕಾಣಬೇಕು.

ಔಷಧಿಗಳನ್ನು ಮರೆಯುವವರು ಬಹಳ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಭೇದಿ ಮಾಡಿಸುತ್ತದೆ. ಮೆಗ್ನೀಷಿಯಂ ಇರುವ ಆಸಿಡಿಟಿ ಔಷಧಿಯೂ ಅಷ್ಟೇ. ಕಬ್ಬಿಣದ ಮಾತ್ರೆ ಮಲಬದ್ಧತೆ ತರುತ್ತದೆ. ಸಕ್ಕರೆರಹಿತ ಚ್ಯೂಯಿಂಗ್ ಗಮ್‌ನಲ್ಲಿರುವ ಸಾರ್ಬಿಟಾಲ್ ಹೊಟ್ಟೆ ಉಬ್ಬಿಸುತ್ತದೆ. ಥೈರಾಯ್ಡ್ ಏರುಪೇರು, ಜಿಯಾರ್ಡಿಯಾ ಎಂಬ ಪರಾವಲಂಬಿಯ ಸೋಂಕು ಕೂಡ ಈ ಪಟ್ಟಿಯಲ್ಲಿವೆ. ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಅತಿಯಾಗಿ ಬೆಳೆಯುವ ಸೀಬೋ ಬಗ್ಗೆ ಈಚೆಗೆ ಮಾತು ಜೋರು. ಅದನ್ನು ಪತ್ತೆಮಾಡುವ ಉಸಿರಿನ ಪರೀಕ್ಷೆ ಎಷ್ಟು ನಂಬಬಹುದು ಎಂಬುದರಲ್ಲಿ ತಜ್ಞರಲ್ಲೇ ಒಮ್ಮತ ಇಲ್ಲ.

## ಕಾಯದೆ ಡಾಕ್ಟರ ಬಳಿ ಹೋಗಬೇಕಾದ ಚಿಹ್ನೆಗಳು

ಐಬಿಎಸ್ ಎಷ್ಟೇ ಹಿಂಸೆ ಕೊಟ್ಟರೂ ಕೆಲವು ಕೆಲಸ ಮಾಡುವುದಿಲ್ಲ. ಮಲದಲ್ಲಿ ರಕ್ತ ತರಿಸುವುದಿಲ್ಲ. ಪ್ರಯತ್ನ ಇಲ್ಲದೆ ತೂಕ ಇಳಿಸುವುದಿಲ್ಲ. ರಕ್ತಹೀನತೆ, ಜ್ವರ ಮಾಡುವುದಿಲ್ಲ. ಗಾಢ ನಿದ್ದೆಯಿಂದ ಭೇದಿಗೆ ಎಬ್ಬಿಸುವುದು ಅದರ ಸ್ವಭಾವವಲ್ಲ. ಇವುಗಳಲ್ಲಿ ಒಂದು ಕಂಡರೂ 'ನನಗೆ ಐಬಿಎಸ್ ಇದೆಯಲ್ಲ, ಅದೇ ಇರಬೇಕು' ಎಂದು ಸುಮ್ಮನಿರಬಾರದು. ರಕ್ತ ಮೂಲವ್ಯಾಧಿಯದ್ದೇ ಇರಬಹುದು, ಆದರೆ ಅದನ್ನು ಹೇಳಬೇಕಾದವರು ಡಾಕ್ಟರು.

ವಯಸ್ಸೂ ಒಂದು ಚಿಹ್ನೆ. 50ರ ಹತ್ತಿರ ಅಥವಾ ಅದು ದಾಟಿದ ಮೇಲೆ ಮೊದಲ ಬಾರಿಗೆ ಹೊಟ್ಟೆಯ ರೂಢಿ ಬದಲಾದರೆ ಅದನ್ನು ಐಬಿಎಸ್ ಎಂದು ಬೇಗ ಒಪ್ಪಿಕೊಳ್ಳಬಾರದು. 50 ದಾಟಿದ ಹೆಂಗಸರಲ್ಲಿ ಹೊಸದಾಗಿ ಐಬಿಎಸ್‌ನಂಥ ಲಕ್ಷಣ ಬಂದರೆ ಅಂಡಾಶಯದ ಕ್ಯಾನ್ಸರ್ ಅಲ್ಲವೇ ಎಂದು ನೋಡಬೇಕು ಎನ್ನುತ್ತದೆ ಬ್ರಿಟನ್‌ನ ಮಾರ್ಗಸೂಚಿ. ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್, ಕ್ರೋನ್ಸ್, ಸೀಲಿಯಾಕ್ ಇದ್ದರೆ ಡಾಕ್ಟರು ಕೇಳುವ ತನಕ ಕಾಯದೆ ನೀವೇ ಹೇಳಿ.

## ಮತ್ತೊಂದು ಸ್ಕ್ಯಾನ್ ಯಾಕೆ ಸಮಾಧಾನ ಕೊಡುವುದಿಲ್ಲ

ನಾರ್ಮಲ್ ರಿಪೋರ್ಟ್ ಕೈಗೆ ಬಂದಾಗ ಒಂದಷ್ಟು ದಿನ ನೆಮ್ಮದಿ. ಮುಂದಿನ ನೋವಿಗೆ ಅದು ಕರಗಿಹೋಗುತ್ತದೆ. ಫೋಟೋ ಎಷ್ಟು ಸಲ ತೆಗೆದರೂ ವಾಲ್ಯೂಮ್ ಕಾಣುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಹೆಚ್ಚು ತೊಂದರೆಯದ್ದು. ಹುಡುಕುತ್ತ ಹೋದರೆ ಏನಾದರೊಂದು ಸಿಕ್ಕೇ ಸಿಗುತ್ತದೆ. ನೋವಿಗೆ ಸಂಬಂಧವೇ ಇಲ್ಲದ ಪಿತ್ತಕೋಶದ ಕಲ್ಲು, ಸಣ್ಣ ನೀರುಗುಳ್ಳೆ ಎಷ್ಟೋ ಆರೋಗ್ಯವಂತರಲ್ಲೂ ಇರುತ್ತವೆ. ಐಬಿಎಸ್ ಇರುವವರು ಪಿತ್ತಕೋಶ, ಅಪೆಂಡಿಕ್ಸ್, ಗರ್ಭಕೋಶದ ಆಪರೇಷನ್‌ಗಳನ್ನು ಬೇರೆಯವರಿಗಿಂತ ಹೆಚ್ಚಾಗಿ ಮಾಡಿಸಿಕೊಂಡಿರುತ್ತಾರೆ ಎಂದು ಅಧ್ಯಯನಗಳು ತೋರಿಸಿವೆ. ಆಪರೇಷನ್ ಆದ ಮೇಲೂ ನೋವು ಹಾಗೇ ಉಳಿದರೆ ಅನುಮಾನ ಇನ್ನಷ್ಟು ಬೆಳೆಯುತ್ತದೆ.

ರಕ್ತದ ಒಂದು ಹನಿಯಿಂದ ನೂರಾರು ಆಹಾರಗಳ 'ಸೂಕ್ಷ್ಮತೆ' ಹೇಳುತ್ತೇವೆ ಎನ್ನುವ ಐಜಿಜಿ (ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ) ಪರೀಕ್ಷೆಗಳೂ ಮಾರಾಟಕ್ಕಿವೆ. ಐಜಿಜಿ ಇದೆ ಎಂದರೆ ನೀವು ಆ ಆಹಾರ ತಿಂದಿದ್ದೀರಿ ಎಂದಷ್ಟೇ ಅರ್ಥ. ಅಲರ್ಜಿ ತಜ್ಞರ ಸಂಘಗಳು ಇವನ್ನು ಬೇಡ ಎನ್ನುತ್ತವೆ. ದುಡ್ಡು ದಂಡ, ಊಟದ ಪಟ್ಟಿಯೂ ಸುಮ್ನೆ ಕುಗ್ಗುತ್ತದೆ.

ಒಂದು ಸಮಾಧಾನದ ಸಂಗತಿ ಗಟ್ಟಿಯಾಗಿ ಹೇಳಬಹುದು. ಐಬಿಎಸ್ ಮುಂದೆ ಕ್ಯಾನ್ಸರ್ ಆಗಿ ತಿರುಗುವುದಿಲ್ಲ, ಆಯುಷ್ಯ ಕಡಿಮೆ ಮಾಡುವುದಿಲ್ಲ. ಹಾಗಂತ ಅದು ಚಿಕ್ಕ ಕಾಯಿಲೆಯೂ ಅಲ್ಲ. 2009ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಸುಮಾರು 2,000 ರೋಗಿಗಳನ್ನು ಕೇಳಿದಾಗ, ಲಕ್ಷಣವೇ ಇಲ್ಲದ ಬದುಕಿಗಾಗಿ ಉಳಿದ ಆಯುಷ್ಯದ ಕಾಲು ಭಾಗವನ್ನು, ಸರಾಸರಿ 15 ವರ್ಷವನ್ನು, ಬಿಟ್ಟುಕೊಡಲು ಸಿದ್ಧ ಎಂದಿದ್ದರು. 'ಬರೀ ಗ್ಯಾಸ್' ಎಂದು ನಗುವವರಿಗೆ ಈ ಅಂಕಿ ಗೊತ್ತಿರಬೇಕು.

## 'ಮನಸ್ಸಿನದ್ದು' ಎಂಬ ಮಾತು ಮತ್ತು ಚಿಕಿತ್ಸೆ

ಡಾಕ್ಟರು ಅಮಿಟ್ರಿಪ್ಟಿಲಿನ್ ಬರೆದಾಗ ರೋಗಿ ಮನೆಗೆ ಬಂದು ಹುಡುಕಿ ನೋಡುತ್ತಾರೆ. ಖಿನ್ನತೆಯ ಮಾತ್ರೆ! ಅಲ್ಲಿಗೆ ನಂಬಿಕೆ ಮುರಿಯುತ್ತದೆ. ಖಿನ್ನತೆಗೆ ಕೊಡುವುದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ ಈ ಮಾತ್ರೆ ನೋವಿನ ನರಗಳ ಸದ್ದು ತಗ್ಗಿಸುತ್ತದೆ. 2023ರಲ್ಲಿ ಬ್ರಿಟನ್‌ನಲ್ಲಿ 463 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು. ದಿನಕ್ಕೆ 10ರಿಂದ 30 ಮಿಲಿಗ್ರಾಂ ತೆಗೆದುಕೊಂಡವರು 6 ತಿಂಗಳಲ್ಲಿ ಹುಸಿ ಮಾತ್ರೆ (ಔಷಧಿಯೇ ಇಲ್ಲದ ಮಾತ್ರೆ) ತೆಗೆದುಕೊಂಡವರಿಗಿಂತ ಹೆಚ್ಚು ಸುಧಾರಿಸಿದ್ದರು. ಆತಂಕ, ಖಿನ್ನತೆಯ ಅಳತೆಯಲ್ಲಿ ಮಾತ್ರ ಎರಡು ಗುಂಪಿಗೂ ಅಂಥ ವ್ಯತ್ಯಾಸ ಇರಲಿಲ್ಲ. ಅಂದರೆ ಅದು ಹೊಟ್ಟೆಯ ಮೇಲೆ ಮಾಡಿದ ಕೆಲಸ ಬೇರೆಯೇ.

ಆತಂಕಕ್ಕೂ ಐಬಿಎಸ್‌ಗೂ ನಂಟಿರುವುದು ನಿಜ. ಆದರೆ ಅದು ಎರಡೂ ದಿಕ್ಕಿನಲ್ಲಿ ಹರಿಯುತ್ತದೆ. ಆಸ್ಟ್ರೇಲಿಯಾದಲ್ಲಿ 12 ವರ್ಷ ಜನರನ್ನು ಗಮನಿಸಿದಾಗ, ಮೊದಲು ಆತಂಕ ಇದ್ದವರಿಗೆ ಆಮೇಲೆ ಹೊಟ್ಟೆಯ ತೊಂದರೆ ಬಂದದ್ದೂ ಕಂಡಿತು, ಮೊದಲು ಹೊಟ್ಟೆ ಕೆಟ್ಟವರಿಗೆ ಆಮೇಲೆ ಆತಂಕ ಬಂದದ್ದೂ ಕಂಡಿತು. ಯಾವಾಗ ಟಾಯ್ಲೆಟ್ ಬೇಕಾಗುತ್ತದೋ ಎಂದು ಗೊತ್ತಿಲ್ಲದೆ ಮನೆಯಿಂದ ಹೊರಡುವವರಿಗೆ ಆತಂಕ ಆಗದಿದ್ದರೆ ಅದೇ ಆಶ್ಚರ್ಯ.

ಊಟದಲ್ಲಿ ಹೆಚ್ಚು ಅಧ್ಯಯನ ಆಗಿರುವುದು ಕಡಿಮೆ ಫಾಡ್‌ಮ್ಯಾಪ್ ಪಥ್ಯ. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡದ್ದು. ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಿಕೊಳ್ಳದೆ ದೊಡ್ಡ ಕರುಳಿಗೆ ಹೋಗಿ ಹುಳಿಯೆದ್ದು ಗ್ಯಾಸ್ ಮಾಡುವ ಕೆಲವು ಸಕ್ಕರೆಗಳಿಗೆ ಫಾಡ್‌ಮ್ಯಾಪ್ ಎನ್ನುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಬೇಳೆಕಾಳು, ಹಾಲು, ಸೇಬು, ಜೇನುತುಪ್ಪದಲ್ಲಿ ಇವು ಹೆಚ್ಚು. 4ರಿಂದ 6 ವಾರ ಇವನ್ನು ಕಡಿಮೆ ಮಾಡಿ, ಆಮೇಲೆ ಒಂದೊಂದನ್ನೇ ವಾಪಸ್ ತಂದು ಯಾವುದು ತೊಂದರೆ ಕೊಡುತ್ತದೆ ಎಂದು ಕಂಡುಕೊಳ್ಳಬೇಕು. ಎಷ್ಟೋ ಜನ ಮೊದಲ ಹಂತದಲ್ಲೇ ವರ್ಷಗಟ್ಟಲೆ ಉಳಿದುಬಿಡುತ್ತಾರೆ. ಅದರಿಂದ ಪೌಷ್ಟಿಕಾಂಶ ಕಡಿಮೆಯಾಗುತ್ತದೆ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ನಷ್ಟ. ಸಾಧ್ಯವಿದ್ದರೆ ಆಹಾರ ತಜ್ಞರ ಸಹಾಯ ತೆಗೆದುಕೊಳ್ಳುವುದು ಒಳ್ಳೆಯದು.

'ಗೋಧಿ ಬಿಟ್ಟೆ, ಹೊಟ್ಟೆ ಸರಿಹೋಯಿತು, ಅಂದಮೇಲೆ ನನಗೆ ಗ್ಲೂಟನ್ ಆಗುವುದಿಲ್ಲ' ಎಂಬ ವಾದಕ್ಕೂ ಇಲ್ಲೇ ಉತ್ತರ ಇದೆ. ಗೋಧಿಯಲ್ಲಿ ಗ್ಲೂಟನ್ ಜೊತೆಗೆ ಫ್ರಕ್ಟಾನ್ ಎಂಬ ಫಾಡ್‌ಮ್ಯಾಪ್ ಸಕ್ಕರೆಯೂ ಇದೆ. ನಾರ್ವೆಯಲ್ಲಿ, ಸೀಲಿಯಾಕ್ ಇಲ್ಲದಿದ್ದರೂ ಗ್ಲೂಟನ್ ಬಿಟ್ಟಿದ್ದ 59 ಜನರಿಗೆ ಯಾವುದರಲ್ಲಿ ಏನಿದೆ ಎಂದು ಹೇಳದೆ ಗ್ಲೂಟನ್, ಫ್ರಕ್ಟಾನ್, ಎರಡೂ ಇಲ್ಲದ ತಿನಿಸು ಕೊಟ್ಟರು. ಹೆಚ್ಚು ತೊಂದರೆ ಕೊಟ್ಟದ್ದು ಫ್ರಕ್ಟಾನ್.

ಉಳಿದ ಚಿಕಿತ್ಸೆಗಳಲ್ಲಿ ನೀರಿನಲ್ಲಿ ಕರಗುವ ನಾರಿನಂಶ (ಇಸಬ್‌ಗೋಲ್), ಪುದೀನ ಎಣ್ಣೆಯ ಕ್ಯಾಪ್ಸೂಲ್, ಸೆಳೆತ ಇಳಿಸುವ ಮಾತ್ರೆ, ಭೇದಿಗೆ ಲೊಪೆರಮೈಡ್ ಇವೆ. ಒರಟು ತೌಡು ಹಲವರಿಗೆ ನೋವು ಹೆಚ್ಚಿಸುತ್ತದೆ. ಕರುಳಿಗೆಂದೇ ರೂಪಿಸಿದ ಮಾತಿನ ಚಿಕಿತ್ಸೆ ಮತ್ತು ಹಿಪ್ನೋಥೆರಪಿಗೂ ಒಳ್ಳೆಯ ಪುರಾವೆ ಇದೆ.

ಯಾರೋ ಒಬ್ಬರಿಗೆ ಒಂದು ಪುಡಿಯಿಂದ ಪೂರ್ತಿ ವಾಸಿಯಾಯಿತು ಎಂದು ಕೇಳಿದಾಗ ಒಂದು ಪ್ರಯೋಗ ನೆನಪಿರಲಿ. 2010ರಲ್ಲಿ ಅಮೆರಿಕದಲ್ಲಿ 80 ರೋಗಿಗಳಲ್ಲಿ ಸುಮಾರು ಅರ್ಧ ಜನರಿಗೆ 'ಇದರಲ್ಲಿ ಔಷಧಿ ಏನೂ ಇಲ್ಲ' ಎಂದು ಬಾಯಿಬಿಟ್ಟು ಹೇಳಿಯೇ ಹುಸಿ ಮಾತ್ರೆ ಕೊಟ್ಟರು. ಅವರಲ್ಲಿ ಶೇ 59ರಷ್ಟು ಜನ ಸಾಕಷ್ಟು ಆರಾಮ ಎಂದರು. ಮಾತ್ರೆ ಇಲ್ಲದವರಲ್ಲಿ ಶೇ 35. ಐಬಿಎಸ್ ತಾನಾಗಿಯೂ ಏರಿಳಿಯುತ್ತದೆ, ಆರೈಕೆಗೂ ಸ್ಪಂದಿಸುತ್ತದೆ. ಹಾಗಾಗಿ ಒಂದು ಔಷಧಿ ಕೆಲಸ ಮಾಡಿತು ಎಂದು ರೋಗ ಇಂಥದ್ದೇ ಎಂದು ಸಾಬೀತಾಗುವುದಿಲ್ಲ. ಕೆಲಸ ಮಾಡಲಿಲ್ಲ ಎಂದು ರೋಗನಿರ್ಣಯ ತಪ್ಪು ಎಂದೂ ಆಗುವುದಿಲ್ಲ.

## ಡಾಕ್ಟರ ಮುಂದೆ ಅನುಮಾನ ಇಡುವುದು ಹೇಗೆ

'ನನಗೆ ಐಬಿಎಸ್ ಅಲ್ಲ ಅನ್ನಿಸುತ್ತದೆ' ಎಂದರೆ ಡಾಕ್ಟರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಅದೇ ಅನುಮಾನವನ್ನು ಸಣ್ಣ ಪ್ರಶ್ನೆಗಳಾಗಿ ಒಡೆಯಿರಿ. ಟಿಟಿಜಿ ಪರೀಕ್ಷೆ ಆಗಿದೆಯಾ, ಆಗ ನಾನು ಗೋಧಿ ತಿನ್ನುತ್ತಿದ್ದೆನಾ? ಕ್ಯಾಲ್‌ಪ್ರೊಟೆಕ್ಟಿನ್ ನೋಡಿದ್ದೀರಾ? ಬಯಾಪ್ಸಿ ತೆಗೆದಿದ್ದಾರಾ? ಪಿತ್ತದ ಆಮ್ಲದ ಸಾಧ್ಯತೆ ಇದೆಯಾ? ನನ್ನ ಯಾವುದಾದರೂ ಮಾತ್ರೆಯಿಂದ ಹೀಗಾಗುತ್ತಿರಬಹುದಾ? ಇವಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ ಇದೆ. ಎಲ್ಲವೂ ಆಗಿದ್ದರೆ ನಿಮ್ಮ ಅನುಮಾನಕ್ಕೂ ಒಂದು ದಡ ಸಿಗುತ್ತದೆ.

ಹೋಗುವ ಮುನ್ನ ಎರಡು ವಾರದ ಟಿಪ್ಪಣಿ ಬರೆದಿಟ್ಟರೆ ಉಪಯೋಗ. ನೋವು ಯಾವಾಗ, ಬ್ರಿಸ್ಟಲ್ ನಂಬರ್ ಎಷ್ಟು, ಏನು ತಿಂದಿರಿ, ನಿದ್ದೆ ಹೇಗಿತ್ತು, ಮುಟ್ಟಿನ ದಿನ ಯಾವುದು. ಎರಡು ವಾರ ಸಾಕು. ತಿಂಗಳುಗಟ್ಟಲೆ ಹೊಟ್ಟೆಯನ್ನೇ ನೋಡುತ್ತ ಕೂತರೆ ಪ್ರತಿ ಗುಡುಗುಡು ಸದ್ದೂ ದೊಡ್ಡದಾಗುತ್ತದೆ.

ವರ್ಷಗಳು ಕಳೆದಂತೆ ಐಬಿಎಸ್ ರೂಪ ಬದಲಿಸುವುದು ಸಾಮಾನ್ಯ. ಭೇದಿ ಇದ್ದವರಿಗೆ ಮಲಬದ್ಧತೆ ಶುರುವಾಗಬಹುದು. ಆದರೆ ನಿಮಗೆ ಪರಿಚಯವೇ ಇಲ್ಲದ ಹೊಸ ಬಗೆಯ ನೋವು ಬಂದರೆ, ಮೇಲೆ ಹೇಳಿದ ಚಿಹ್ನೆಗಳಲ್ಲಿ ಒಂದು ಸೇರಿಕೊಂಡರೆ, ಹಳೆಯ ನಾರ್ಮಲ್ ರಿಪೋರ್ಟ್ ಅದಕ್ಕೆ ಉತ್ತರವಲ್ಲ. ಆಗ ಹೊಸದಾಗಿ ತೋರಿಸಿಕೊಳ್ಳಬೇಕು. ಹಾಗೆಯೇ ಹಲವು ದೇಶಗಳಲ್ಲಿ 45 ಅಥವಾ 50ರ ನಂತರ ಎಲ್ಲರಿಗೂ ಹೇಳುವ ಕರುಳಿನ ಕ್ಯಾನ್ಸರ್ ತಪಾಸಣೆ ಐಬಿಎಸ್ ಇರುವವರಿಗೂ ಅನ್ವಯಿಸುತ್ತದೆ. ಅಪಾಯ ಅವರಿಗೆ ಬೇರೆಯವರಿಗಿಂತ ಹೆಚ್ಚಿಲ್ಲ, ಕಡಿಮೆಯೂ ಇಲ್ಲ.